ಪಿಸ್ತೂಲಿನ ಮಾತು ಸಾಕು, ಕಾಡತೂಸಿನ ಲೆಕ್ಕ ಕೊಡಿ

ವಿಜಯಪುರದ ಜಿಲ್ಲಾ ಪುಟ ಓದುವವರಿಗೆ ಈ ಬಗೆಯ ಸುದ್ದಿ ಬಾಯಿಪಾಠ. ಭೀಮಾತೀರದಲ್ಲಿ ಎರಡು ಕಂಟ್ರಿ ಪಿಸ್ತೂಲ್, ಐದು ಜೀವಂತ ಗುಂಡು ವಶ, ಇಬ್ಬರ ಬಂಧನ. ಊರು ಬದಲಾಗುತ್ತದೆ, ಅಂಕಿ ಬದಲಾಗುತ್ತದೆ, ಒಕ್ಕಣೆ ಬದಲಾಗುವುದಿಲ್ಲ. ಜೊತೆಗೊಂದು ಫೋಟೊ. ಮೇಜಿನ ಮೇಲೆ ಹಾಸಿದ ಬಟ್ಟೆ, ಅದರ ಮೇಲೆ ಪಿಸ್ತೂಲು, ಹಿಂದೆ ಅಧಿಕಾರಿಗಳ ಸಾಲು, ಪಕ್ಕದಲ್ಲಿ ಮುಸುಕು ಹಾಕಿಕೊಂಡು ತಲೆ ತಗ್ಗಿಸಿದ ಇಬ್ಬರು. ಪಿಸ್ತೂಲು ಎಲ್ಲಿಂದ ಬಂತು, ಎಷ್ಟಕ್ಕೆ ಕೊಂಡರು, ಯಾರ ಮೇಲೆ ಹಗೆ ಇತ್ತು ಎಂಬುದಕ್ಕೆ ನಾಲ್ಕು ಪ್ಯಾರಾ. ಗುಂಡಿಗೆ ಒಂದು ಅಂಕಿ, ಐದು. ಅಲ್ಲಿಗೆ ಅದರ ಕಥೆ ಮುಗಿಯಿತು.

ನನ್ನ ತಕರಾರು ಇಷ್ಟೇ. ನಾವು ದಶಕಗಳಿಂದ ತಪ್ಪು ವಸ್ತುವನ್ನು ನೋಡುತ್ತಿದ್ದೇವೆ. ಪತ್ರಿಕೆ, ಟಿವಿ, ಸಿನಿಮಾ, ಠಾಣೆ, ಕಾನೂನು ಎಲ್ಲವೂ ಪಿಸ್ತೂಲಿನ ಮೇಲೆಯೇ ಕಣ್ಣು ನೆಟ್ಟಿವೆ. ಪಿಸ್ತೂಲನ್ನು ಒಂದು ಲೇತ್, ಒಂದು ಡ್ರಿಲ್, ಒಬ್ಬ ಕೈಚಳಕದ ಕುಶಲಿ ಸೇರಿ ಎಲ್ಲಿ ಬೇಕಾದರೂ ಮಾಡಬಹುದು. ಕಾಡತೂಸನ್ನು ಹಾಗೆ ಮಾಡಲಾಗದು. ಅದು ಕಾರ್ಖಾನೆಯಲ್ಲಿ ಹುಟ್ಟುತ್ತದೆ, ರಿಜಿಸ್ಟರಿನಲ್ಲಿ ನಮೂದಾಗುತ್ತದೆ, ಬುಡದಲ್ಲಿ ತನ್ನ ತವರಿನ ಗುರುತು ಹೊತ್ತಿರುತ್ತದೆ. ವಿಳಾಸ ಇರುವುದನ್ನು ಬಿಟ್ಟು ವಿಳಾಸ ಇಲ್ಲದ್ದರ ಬೆನ್ನು ಹತ್ತಿದ್ದೇವೆ.

ಬೆಂಗಳೂರಿನ ಕಡೆ ಊರು ಕೇಳಿದವರಿಗೆ ಅಗರಖೇಡ ಎಂದು ಹೇಳಿ ನೋಡಿ. ಇಂಡಿ ತಾಲ್ಲೂಕು, ಭೀಮಾ ದಂಡೆ ಎಂದು ಬಿಡಿಸಿ ಹೇಳಿದ ಕೂಡಲೇ ಕೇಳಿದವರ ಹುಬ್ಬು ಮೇಲೇರುತ್ತದೆ. "ಓಹೋ, ಭೀಮಾತೀರ! ನಿಮ್ಮ ಕಡೆ ಮನೆಮನೆಯಲ್ಲೂ ಪಿಸ್ತೂಲು ಮಾಡ್ತಾರಂತೆ. ಗುಂಡೂ ಅಲ್ಲೇ ಮಾಡ್ಕೋತಾರಂತೆ." ರವಿ ಬೆಳಗೆರೆಯವರ 'ಭೀಮಾತೀರದ ಹಂತಕರು' ಓದಿದವರು, 2012ರಲ್ಲಿ ದುನಿಯಾ ವಿಜಯ್ ಅಭಿನಯದ 'ಭೀಮಾ ತೀರದಲ್ಲಿ' ನೋಡಿದವರು, ಇವೆರಡನ್ನೂ ಓದದೆ ನೋಡದೆ ಬರೀ ಕೇಳಿದವರು, ಎಲ್ಲರಿಗೂ ಈ ನಂಬಿಕೆ ಸಮಾನ. ಖೇಡಗಿ, ರೋಡಗಿ, ಮಿರಗಿ, ಭುಂಯಾರ, ಅಗರಖೇಡ ಎಂಬ ಹೆಸರುಗಳು ಹೊರಗಿನ ಪತ್ರಿಕೆಗಳಲ್ಲಿ ಬರುವುದು ಎರಡೇ ಕಾರಣಕ್ಕೆ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟು ಭೀಮೆ ಉಕ್ಕಿದಾಗ ಒಂದು, 2020ರ ಅಕ್ಟೋಬರ್‌ನಲ್ಲಿ ಆದಂತೆ. ಪಿಸ್ತೂಲು ಸಿಕ್ಕಾಗ ಇನ್ನೊಂದು. ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದದ್ದು ಎಷ್ಟು ಜನರಿಗೆ ಗೊತ್ತು? ಕಬ್ಬು, ತೊಗರಿ, ಜೋಳ ಬೆಳೆಯುವವರ ನೆಲಕ್ಕೆ ಹಂತಕರ ಸೀಮೆ ಎಂದು ಹೆಸರಿಟ್ಟು ಕೂತಿದ್ದಾರೆ.

ಹಗೆ ಇಲ್ಲ, ಕೊಲೆ ಆಗಿಲ್ಲ ಎಂದು ನಾನು ಹೇಳುತ್ತಿಲ್ಲ. ಹಳೆಯ ವೈಷಮ್ಯಗಳಿವೆ, ಉಸುಕಿನ ದುಡ್ಡು ಇದೆ, ಹೊಲದ ಬದುವಿನ ಜಗಳ ತಲೆಮಾರಿಗೆ ದಾಟಿದ್ದಿದೆ. ಆದರೆ "ಮನೆಮನೆಯಲ್ಲೂ ಮಾಡ್ತಾರೆ" ಎಂಬ ಮಾತು ಶುದ್ಧ ಸುಳ್ಳು. ಸಿಕ್ಕಿಬಿದ್ದ ಪಿಸ್ತೂಲುಗಳ ಮೂಲ ಕೇಳಿದಾಗ ನಮ್ಮ ಜಿಲ್ಲೆಯ ಪೊಲೀಸರೇ ಮತ್ತೆ ಮತ್ತೆ ಮಧ್ಯಪ್ರದೇಶದತ್ತ ಬೆರಳು ತೋರಿಸಿದ್ದಾರೆ. ಖರಗೋನ್, ಬಡವಾನಿ, ಧಾರ್ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಈ ಕಸುಬು ದಶಕಗಳಿಂದ ನಡೆದಿದೆ. ದಿಲ್ಲಿ, ಮುಂಬೈಗಳಿಗೂ ಅಲ್ಲಿಂದ ಹೋಗುತ್ತವೆ. ಇನ್ನು ಬಂದೂಕು ಇರುವುದನ್ನೇ ಹಿಡಿದು ಸೀಮೆಗೆ ಹೆಸರಿಡುವುದಾದರೆ ಕೊಡಗನ್ನು ನೋಡಿ. ಅಲ್ಲಿ ಬ್ರಿಟಿಷರ ಕಾಲದಿಂದ ಕೋವಿಗೆ ಪರವಾನಗಿಯ ವಿನಾಯಿತಿ ಇದೆ. 2029ರವರೆಗೆ ಅದು ವಿಸ್ತರಣೆಯಾಗಿದೆ, 2021ರಲ್ಲಿ ಹೈಕೋರ್ಟು ಎತ್ತಿಹಿಡಿದಿದೆ. ಅಲ್ಲಿನ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜಿಸಿದರೆ ಅದು ಪುರವಣಿಯ ಬಣ್ಣದ ಲೇಖನವಾಗುತ್ತದೆ. ಸರಿಯೇ, ಆಗಲಿ. ಬಂದೂಕು ಇದ್ದ ಮಾತ್ರಕ್ಕೆ ಸೀಮೆ ಹಂತಕರದ್ದಾಗುವುದಿಲ್ಲ ಎಂಬುದಕ್ಕೆ ಕೊಡಗೇ ಸಾಕ್ಷಿ. ಆ ನ್ಯಾಯವನ್ನು ಭೀಮಾ ದಂಡೆಗೂ ಕೊಡಿ.

ಈಗ "ಗುಂಡೂ ಅಲ್ಲೇ ಮಾಡ್ಕೋತಾರಂತೆ" ಎಂಬ ಮಾತಿಗೆ ಬರೋಣ. ಇದನ್ನು ಹೇಳುವವರಾರೂ ಒಂದು ಕಾಡತೂಸನ್ನು ಹತ್ತಿರದಿಂದ ನೋಡಿದವರಲ್ಲ.

7.65 ಮಿ.ಮೀ. ಕಾಡತೂಸು ತೆಗೆದುಕೊಳ್ಳಿ. .32 ಪಿಸ್ತೂಲಿನದು ಎನ್ನುವುದೂ ಇದನ್ನೇ. ಜಾನ್ ಬ್ರೌನಿಂಗ್ ಎಂಬ ಅಮೆರಿಕನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಲ್ಜಿಯಂನ ಕಾರ್ಖಾನೆಗಾಗಿ ರೂಪಿಸಿದ್ದು. ಹಿತ್ತಾಳೆಯ ಖೋಕಾದ (ಹೊರಕವಚದ) ಉದ್ದ 17 ಮಿ.ಮೀ., ಕಿರುಬೆರಳಿನ ತುದಿಯ ಗೆಣ್ಣಿಗಿಂತ ಕಡಿಮೆ. ಬಾಯಲ್ಲಿ ತಾಮ್ರದ ಹೊದಿಕೆಯ ಸೀಸದ ಬುಲೆಟ್, ತೂಕ ಐದು ಗ್ರಾಂ ಒಳಗೆ. ಹೊಟ್ಟೆಯಲ್ಲಿ ಚಿಟಿಕೆಯಷ್ಟು ಹೊಗೆರಹಿತ ಮದ್ದು. ಬುಡದ ನಡುವೆ ತೊಗರಿಬೇಳೆಯ ಅಗಲದ ಒಂದು ಲೋಹದ ಬಟ್ಟಲು, ಅದೇ ಪ್ರೈಮರ್. ಪಿಸ್ತೂಲಿನ ಮೊಳೆ ಬಂದು ಬಡಿಯುವುದು ಅದಕ್ಕೆ. ಬಡಿದಾಗ ಕಿಡಿ ಹೊತ್ತಿ, ಮದ್ದು ಉರಿದು, ಖೋಕಾದೊಳಗೆ ಏರುವ ಒತ್ತಡ ಚದರ ಇಂಚಿಗೆ 20,000 ಪೌಂಡ್ ಆಸುಪಾಸು. ಇಂಡಿ ರಸ್ತೆಯಲ್ಲಿ ಕಬ್ಬು ಹೇರಿಕೊಂಡು ಹೋಗುವ ಲಾರಿಯ ಟೈರಿನಲ್ಲಿರುವುದು ಚದರ ಇಂಚಿಗೆ ನೂರು ಚಿಲ್ಲರೆ ಪೌಂಡ್. ಅದು ಸಿಡಿದಾಗಿನ ಸದ್ದು ಕೇಳಿದವರು ಉಳಿದದ್ದನ್ನು ಅಂದಾಜು ಮಾಡಿಕೊಳ್ಳಲಿ. ಇಷ್ಟು ಒತ್ತಡವನ್ನು ಬುಡದ ಕಡೆಯಿಂದ ಸೋರದಂತೆ ತಡೆಯುವುದು ಆ ತೆಳು ಹಿತ್ತಾಳೆಯೇ. ಮಿ.ಮೀ.ನ ನೂರನೆಯ ಭಾಗದ ಲೆಕ್ಕದಲ್ಲಿ ಎಳೆದು ಕಾಸಿ ತೆಗೆದ ಕೆಲಸ ಅದು. ಕುಲುಮೆಯದ್ದಲ್ಲ.

ಮನೆಯಲ್ಲಿ ಕಾಡತೂಸು ಕಟ್ಟುವ ಕಸುಬು ಲೋಕದಲ್ಲಿ ಇಲ್ಲವೇ? ಇದೆ, ಅಮೆರಿಕದಲ್ಲಿ. ಅಲ್ಲಿ ಅದು ಕಾನೂನುಬದ್ಧ ಹವ್ಯಾಸ. ಗುರಿಕಾರರು, ಬೇಟೆಗಾರರು ಹಾರಿಸಿದ ಖೋಕಾ ಎಸೆಯುವುದಿಲ್ಲ, ಹೆಕ್ಕಿ ತಂದು ಮತ್ತೆ ತುಂಬುತ್ತಾರೆ. ಲೈಮನ್ ಎಂಬ ಕಂಪನಿ 1878ರಿಂದ ಇದೆ. ಆರ್‌ಸಿಬಿಎಸ್ ಅನ್ನು ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದರು. ವಿಸ್ಕಾನ್ಸಿನ್‌ನ ರಿಚರ್ಡ್ ಲೀ 1958ರಲ್ಲಿ ಸುತ್ತಿಗೆಯಿಂದ ಬಡಿದು ಕಾಡತೂಸು ತುಂಬುವ ಪುಟ್ಟ ಸಲಕರಣೆ ತಂದರು. ಅರಿಜೋನಾದ ಡಿಲನ್ ಕಂಪನಿಯದು ಒಂದು ಸಲ ಹಿಡಿ ಎಳೆದರೆ ಒಂದು ಪೂರ್ತಿ ಕಾಡತೂಸು ಬೀಳಿಸುವ ಯಂತ್ರ, ಅಂಥದ್ದಕ್ಕೆ ಪ್ರೋಗ್ರೆಸಿವ್ ಪ್ರೆಸ್ ಎನ್ನುತ್ತಾರೆ. ಈ ಕಸುಬಿಗೆ ಇಳಿಯುವ ಪ್ರತಿಯೊಬ್ಬನೂ ಮೊದಲು ಕೇಳುವ ಪ್ರಶ್ನೆ ಒಂದೇ. ಮೊದಲ ಪ್ರೆಸ್ ಯಾವುದು ಕೊಳ್ಳಲಿ?

ಅಲ್ಲಿ ಚಾಲ್ತಿಯಲ್ಲಿರುವ ಉತ್ತರವೂ ನನಗೆ ಒಪ್ಪಿಗೆಯಿಲ್ಲ. ಒಂದೇ ಸಲ ದೊಡ್ಡದು ಕೊಂಡುಬಿಡು, ಆಮೇಲೆ ಅಳಬೇಡ ಎನ್ನುವವರೇ ಹೆಚ್ಚು. ಗಂಟೆಗೆ ನಾನೂರು ಐನೂರು ಕಾಡತೂಸು ಬೀಳುತ್ತದೆಂದು ಆಸೆ ತೋರಿಸುತ್ತಾರೆ. ಇದು ವ್ಯಾಪಾರಿಯ ಬುದ್ಧಿ. ಹೊಸಬ ಕಲಿಯಬೇಕಾದದ್ದು ಸಿಂಗಲ್ ಸ್ಟೇಜ್ ಪ್ರೆಸ್ಸಿನ ಮೇಲೆ. ಅದು ಮೇಜಿಗೆ ಬೋಲ್ಟು ಹಾಕಿ ಕೂರಿಸುವ ಎರಕದ ಚೌಕಟ್ಟು. ಮೇಲೆ ಒಂದೇ ಡೈ (ಅಚ್ಚು), ಕೆಳಗೆ ಮೇಲೇರಿ ಇಳಿಯುವ ಒಂದು ಕಂಬ, ಪಕ್ಕದಲ್ಲೊಂದು ಹಿಡಿ. ಹಿಡಿ ಒಮ್ಮೆ ಒತ್ತಿದರೆ ಒಂದೇ ಕೆಲಸ. ಉಬ್ಬಿದ ಖೋಕಾ ಡೈಯೊಳಗೆ ನುಗ್ಗಿ ಮೂಲ ಅಳತೆಗೆ ಬರುತ್ತದೆ, ಅದೇ ಒತ್ತಿನಲ್ಲಿ ಸುಟ್ಟ ಪ್ರೈಮರ್ ಉದುರುತ್ತದೆ. ಮತ್ತೊಂದು ಡೈ ಹಾಕಿ ಬಾಯಿ ಅಗಲಿಸಬೇಕು. ಹೊಸ ಪ್ರೈಮರ್ ಕೂರಿಸಬೇಕು, ಅದು ಬುಡಕ್ಕಿಂತ ಒಂದು ಎಳೆ ಒಳಗಿದೆಯೇ ಎಂದು ಬೆರಳಿನಿಂದ ಸವರಿ ನೋಡಬೇಕು. ಮದ್ದು ತೂಗಬೇಕು. ತೂಕದ ಮಾನ ಗ್ರೇನ್. ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ, ತಕ್ಕಡಿ ಅದರ ಹತ್ತನೆಯ ಒಂದು ಭಾಗಕ್ಕೂ ಅಲುಗಬೇಕು. ಆಮೇಲೆ ಬುಲೆಟ್ ಒತ್ತಿ, ಬಾಯಿ ಬಿಗಿದು, ಉದ್ದ ಅಳೆಯಬೇಕು. ಒಂದು ಕಾಡತೂಸಿಗೆ ನಾಲ್ಕೈದು ಒತ್ತು. ಐವತ್ತು ಕಟ್ಟುವ ಹೊತ್ತಿಗೆ ಇನ್ನೂರು ದಾಟಿರುತ್ತದೆ.

ಈ ನಿಧಾನವೇ ಅದರ ಗುಣ. ಪಿಸ್ತೂಲಿನ ಖೋಕಾದಲ್ಲಿ ಮದ್ದು ಅರ್ಧವನ್ನೂ ತುಂಬದಿರಬಹುದು. ಕೈತಪ್ಪಿ ಎರಡು ಸಲ ಬಿದ್ದರೂ ಹೊರಗಿನಿಂದ ಗೊತ್ತಾಗದು. ಹಾರಿಸಿದಾಗ ಪಿಸ್ತೂಲು ಕೈಯಲ್ಲೇ ಒಡೆಯುತ್ತದೆ. ಬೀಳದೇ ಹೋದರೆ ಬುಲೆಟ್ ನಳಿಗೆಯ ನಡುವೆ ಸಿಕ್ಕಿ, ಹಿಂದಿನಿಂದ ಬಂದದ್ದು ಅದಕ್ಕೆ ಬಡಿಯುತ್ತದೆ. ಸಿಂಗಲ್ ಸ್ಟೇಜಿನಲ್ಲಿ ಐವತ್ತು ಖೋಕಾಗಳನ್ನು ಮರದ ಹಲಗೆಯ ತೂತುಗಳಲ್ಲಿ ನಿಲ್ಲಿಸಿ, ದೀಪ ಹಿಡಿದು, ಐವತ್ತರ ಹೊಟ್ಟೆಯನ್ನೂ ಬಗ್ಗಿ ನೋಡಬಹುದು. ಪ್ರೋಗ್ರೆಸಿವ್ ಯಂತ್ರದಲ್ಲಿ ನಾಲ್ಕು ಕಡೆ ನಾಲ್ಕು ಕೆಲಸ ಒಂದೇ ಒತ್ತಿಗೆ ಆಗುತ್ತವೆ, ನೋಡುವ ಕಣ್ಣು ಎರಡೇ. ಹತ್ತಾರು ಸಾವಿರ ಕಟ್ಟಿ ಪಳಗಿದವನಿಗೆ ಅದು ಸರಿ. ಹೊಸಬನಿಗೆ ಕೊಡಿಸುವವರು ಅವನ ಬೆರಳುಗಳ ಹೊಣೆಯನ್ನೂ ಹೊರಲಿ.

ಭೀಮಾ ದಂಡೆಯ ಮಾತಿನ ನಡುವೆ ಅಮೆರಿಕದ ಗ್ಯಾರೇಜು ಯಾಕೆ ಎಂದರೆ, ನಮ್ಮ ನಂಬಿಕೆಯ ಪೊಳ್ಳು ಅಲ್ಲಿಯೇ ಬಯಲಾಗುತ್ತದೆ. ಪ್ರೆಸ್ ಸಿಂಗಲ್ ಆಗಿರಲಿ, ಪ್ರೋಗ್ರೆಸಿವ್ ಆಗಿರಲಿ, ಅದು ಏನನ್ನೂ ಹುಟ್ಟಿಸುವುದಿಲ್ಲ. ಖೋಕಾ ಕಾರ್ಖಾನೆಯದು, ಪ್ರೈಮರ್ ಕಾರ್ಖಾನೆಯದು, ಮದ್ದು ಕಾರ್ಖಾನೆಯದು. ಬುಲೆಟ್ ಒಂದನ್ನು ಸೀಸ ಕಾಸಿ ಮನೆಯಲ್ಲಿ ಎರಕ ಹೊಯ್ಯುವವರಿದ್ದಾರೆ, ಅಷ್ಟೇ. ಪ್ರೆಸ್ ಇವನ್ನು ಜೋಡಿಸುತ್ತದೆ. ಪುರಾವೆ ಬೇಕೆಂದರೆ 2020–21 ನೋಡಿ. ಕೊರೊನಾ ಕಾಲದಲ್ಲಿ ಅಮೆರಿಕದಲ್ಲಿ ಬಂದೂಕು ಕೊಳ್ಳುವ ಭರಾಟೆ ಎದ್ದು ಅಂಗಡಿಗಳಲ್ಲಿ ಪ್ರೈಮರ್ ಖಾಲಿಯಾಯಿತು. ಸಾವಿರ ಡಾಲರಿನ ಯಂತ್ರ, ಡಬ್ಬಿಗಟ್ಟಲೆ ಹಿತ್ತಾಳೆ, ಮದ್ದು, ಎಲ್ಲ ಇದ್ದವರೂ ತಿಂಗಳುಗಟ್ಟಲೆ ಕೈಕಟ್ಟಿ ಕೂತರು. ಲೋಕದ ಅತ್ಯಂತ ಸಿರಿವಂತ, ಅತ್ಯಂತ ಅನುಭವಿ ಹವ್ಯಾಸಿಗಳಿಗೆ ಆ ತೊಗರಿಬೇಳೆ ಅಗಲದ ಬಟ್ಟಲನ್ನು ಮನೆಯಲ್ಲಿ ಮಾಡಿಕೊಳ್ಳಲಾಗಲಿಲ್ಲ. ಭೀಮಾ ದಂಡೆಯ ತಗಡಿನ ಶೆಡ್ಡಿನಲ್ಲಿ ಅದನ್ನು ಮಾಡುತ್ತಾರೆಂದು ನಂಬುವವರು ಯಾವ ಲೋಕದಲ್ಲಿದ್ದಾರೆ?

ಹಾಗಾದರೆ ಆ ಐದು ಜೀವಂತ ಗುಂಡು ಎಲ್ಲಿಂದ ಬಂದವು?

ಈ ಪ್ರಶ್ನೆಗೆ ಪಿಸ್ತೂಲೇ ಅರ್ಧ ಉತ್ತರ ಹೇಳುತ್ತದೆ. ಸಿಕ್ಕುವ ಕಂಟ್ರಿ ಪಿಸ್ತೂಲುಗಳ ನಳಿಗೆ ಅಳೆಯಿರಿ. ಮ್ಯಾಗಜಿನ್ ಇರುವಂಥವು ಬಹುಪಾಲು 7.65. ಒಂದೇ ಗುಂಡಿನ ಕಟ್ಟಾಗಳು .315, ಇಲ್ಲವೇ 12 ಬೋರ್. ಯಾಕೆ ಇವೇ ಅಳತೆಗಳು? ನಮ್ಮ ದೇಶದಲ್ಲಿ 9 ಮಿ.ಮೀ. ಮುಂತಾದ ಸೇನೆ, ಪೊಲೀಸರ ಅಳತೆಗಳು ಜನಸಾಮಾನ್ಯರಿಗೆ ನಿಷಿದ್ಧ. ಪರವಾನಗಿದಾರರಿಗೆ ಅಂಗಡಿಯಲ್ಲಿ ಸಿಗುವುದು .32, .315, 12 ಬೋರ್ ಇಂಥವು. ಪುಣೆಯ ಖಡ್ಕಿಯಲ್ಲಿ 1869ರಿಂದ ಇರುವ ಸರ್ಕಾರಿ ಮದ್ದುಗುಂಡು ಕಾರ್ಖಾನೆ ಇವನ್ನು ಮಾಡುತ್ತದೆ. ಕಾಡತೂಸಿನ ಬುಡದಲ್ಲಿ ಕೆ.ಎಫ್. ಎಂಬ ಅಚ್ಚು, 12 ಬೋರಿನ ಡಬ್ಬಿಯ ಮೇಲೆ ಶಕ್ತಿಮಾನ್ ಎಂಬ ಹೆಸರು, ಬಂದೂಕು ಇಟ್ಟುಕೊಂಡ ಯಾವ ಗೌಡರನ್ನು ಕೇಳಿದರೂ ಹೇಳುತ್ತಾರೆ. ಕಳ್ಳ ಕುಶಲಿ ತನಗೆ ತೋಚಿದ ಅಳತೆಗೆ ನಳಿಗೆ ಕೊರೆಯುವುದಿಲ್ಲ. ಯಾವ ಗುಂಡು ಪೇಟೆಯಲ್ಲಿ ಸೋರಿ ಸಿಗುತ್ತದೆಯೋ ಅದರ ಅಳತೆಗೆ ಕೊರೆಯುತ್ತಾನೆ. ಗುಂಡು ಮೊದಲು, ಪಿಸ್ತೂಲು ಆಮೇಲೆ. ನಮ್ಮ ತನಿಖೆ, ನಮ್ಮ ಸುದ್ದಿ, ನಮ್ಮ ಸಿನಿಮಾ ಮೂರೂ ಇದನ್ನು ತಿರುವುಮುರುವು ಓದುತ್ತಿವೆ.

ಈ ತಿರುವುಮುರುವು ಹಳೆಯ ರೋಗ. ವಿಜಯಪುರದ ಕೋಟೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್. ಪ್ರವಾಸಿಗರು ಅದರ ಸಿಂಹದ ಬಾಯಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. 1565ರ ತಾಳಿಕೋಟೆ ಯುದ್ಧದಲ್ಲಿ ಕಲ್ಲು, ಕಬ್ಬಿಣದ ಗುಂಡಿನ ಬದಲು ತಾಮ್ರದ ನಾಣ್ಯದ ಚೀಲಗಳನ್ನು ತೋಪಿಗೆ ತುಂಬಿ ಹತ್ತಿರದಿಂದ ಹಾರಿಸಿದರೆಂದು ಹೇಳಿಕೆಯಿದೆ. ವಿಜಯನಗರದ ಸೈನ್ಯವನ್ನು ಸೀಳಿದ್ದು ಆ ನಾಣ್ಯ. ಅದನ್ನು ಯಾರೂ ಕೇಳುವುದಿಲ್ಲ, ತೋಪಿನ ಉದ್ದಗಲವನ್ನಷ್ಟೇ ಕೇಳುತ್ತಾರೆ. ಬ್ರಿಟಿಷರೂ ಆಯುಧವನ್ನೇ ಕಸಿಯಲು ಹೊರಟರು. ನಿಶ್ಶಸ್ತ್ರೀಕರಣದ ಕಾಯ್ದೆ ತಂದು 1857ರಲ್ಲಿ ಹಲಗಲಿಯ ಬೇಡರನ್ನು ಕೆಣಕಿದರು. ಅದೇ ವರ್ಷ ಉತ್ತರದಲ್ಲಿ ಸಿಪಾಯಿಗಳು ಸಿಡಿದೆದ್ದದ್ದು ಮಾತ್ರ ಬಂದೂಕಿಗಾಗಿ ಅಲ್ಲ, ಕೊಬ್ಬು ಸವರಿದ ಕಾಡತೂಸಿಗಾಗಿ.

ದೂರದ ಮಾತು ಬೇಡ ಎನ್ನುವವರಿಗೆ ಹತ್ತಿರದ್ದೇ ಇದೆ, ನೋವಿನದು. ವಿದ್ವಾಂಸ ಎಂ.ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನ ಯರಗಲ್ಲಿನವರು. ಇದೇ ಸೀಮೆಯ ಮಗ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಬಾಗಿಲಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದರು. ಎರಡೂ ಕಡೆ 7.65 ಮಿ.ಮೀ. ನಾಡ ಪಿಸ್ತೂಲು. ಎರಡನ್ನೂ ಹೊಲಿದದ್ದು ಯಾವುದು? ಪಿಸ್ತೂಲು ಆಗ ತನಿಖೆಯವರ ಕೈಯಲ್ಲಿರಲಿಲ್ಲ. ಸ್ಥಳದಲ್ಲಿ ಬಿದ್ದ ಖೋಕಾಗಳ ಬುಡದ ಗುರುತು, ದೇಹದಿಂದ ತೆಗೆದ ಬುಲೆಟ್ಟುಗಳ ಮೈಮೇಲಿನ ಗೀರು, ಇವನ್ನು ಸೂಕ್ಷ್ಮದರ್ಶಕದ ಕೆಳಗೆ ಪಕ್ಕಪಕ್ಕ ಇಟ್ಟು ನೋಡಿದ ವಿಧಿವಿಜ್ಞಾನ ಪ್ರಯೋಗಾಲಯ ಇಬ್ಬರನ್ನೂ ಕೊಂದದ್ದು ಒಂದೇ ಪಿಸ್ತೂಲು ಎಂದು ಹೇಳಿತು. ರಾಜ್ಯದ ಅತಿ ದೊಡ್ಡ ಎರಡು ಕೊಲೆ ಪ್ರಕರಣಗಳು ಕೂಡಿದ್ದು ಕಾಡತೂಸಿನಿಂದ. ಇಷ್ಟಾದರೂ ನಮ್ಮ ಠಾಣೆಗಳ ಪತ್ರಿಕಾಗೋಷ್ಠಿಯಲ್ಲಿ ಇಂದಿಗೂ ಮೇಜಿನ ನಡುವೆ ಪಿಸ್ತೂಲು, ಮೂಲೆಯಲ್ಲಿ ಗುಂಡು.

ಇಲ್ಲಿ ಕೆಲವು ಆಕ್ಷೇಪಣೆ ಬರುತ್ತವೆ. ಬಂದೂಕನ್ನು ಕಸಿದರೆ ಗುಂಡು ತಾನಾಗಿ ನಿರುಪಯೋಗಿ ಆಗುವುದಿಲ್ಲವೇ ಎನ್ನುತ್ತಾರೆ. ಆಗುತ್ತದೆ, ಇನ್ನೊಂದು ಬಂದೂಕು ಬರುವವರೆಗೆ. ಬರುವುದಕ್ಕೆ ಮಧ್ಯಪ್ರದೇಶದಿಂದ ಎರಡು ರಾತ್ರಿಯ ಬಸ್ಸು ಸಾಕು. ಉತ್ತರದ ಕಡೆ ಖಾಲಿ ಖೋಕಾಗಳಿಗೆ ಮರುಭರ್ತಿ ಮಾಡುವ ಜಾಲಗಳಿವೆ, ಅದಕ್ಕೇನು ಹೇಳುತ್ತೀರಿ ಎಂದು ಇನ್ನು ಕೆಲವರು. ಇರಬಹುದು. ಆದರೆ ಮರುಭರ್ತಿಯ ಗುಂಡಿಗೂ ಖೋಕಾ, ಪ್ರೈಮರ್ ಯಾವುದೋ ಕಾರ್ಖಾನೆಯಿಂದಲೇ ಬರಬೇಕು. ಹಾಗೆ ತುಂಬಿದ್ದರಲ್ಲಿ ಹಾರದೆ ಉಳಿಯುವುದು, ಹಾರಿಸಿದವನ ಮುಖಕ್ಕೇ ಸಿಡಿಯುವುದು ಹೆಚ್ಚು. ಪರವಾನಗಿದಾರರೆಲ್ಲ ಕಳ್ಳರೇ ಎಂದು ರೇಗುವವರೂ ಉಂಟು. ಅಲ್ಲ. ಹೊಲ ಕಾಯಲು ಕೋವಿ ಇಟ್ಟುಕೊಂಡ ರೈತನ ಮೇಲೆ ನನಗೆ ಗುಮಾನಿಯಿಲ್ಲ. ಗುಮಾನಿ ಇರುವುದು ಲೆಕ್ಕ ಕೇಳದ ವ್ಯವಸ್ಥೆಯ ಮೇಲೆ.

ಕಾನೂನು ಕಾಗದದ ಮೇಲೆ ಬಿಗಿಯಾಗಿಯೇ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಪರವಾನಗಿ ಇಲ್ಲದೆ ಬಂದೂಕಷ್ಟೇ ಅಲ್ಲ, ಮದ್ದುಗುಂಡನ್ನೂ ತಯಾರಿಸುವಂತಿಲ್ಲ. 2019ರ ತಿದ್ದುಪಡಿ ಇದಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ ಇಟ್ಟಿದೆ. ಅಮೆರಿಕದ ಗ್ಯಾರೇಜಿನ ಹವ್ಯಾಸ ಇಲ್ಲಿ ಸೆರೆಮನೆಯ ದಾರಿ, ಯಾರೂ ಕೈಹಾಕುವುದು ಬೇಡ. ಅದೇ ತಿದ್ದುಪಡಿ ಮದುವೆ, ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವುದನ್ನು ಅಪರಾಧ ಮಾಡಿತು. ಬಂದೂಕಿನ ಜೊತೆ ಮದ್ದುಗುಂಡನ್ನೂ ತಯಾರಕನಿಂದ ಕೊಂಡವನವರೆಗೆ ಜಾಡು ಹಿಡಿಯುವ ಮಾತನ್ನು ಕಾಯ್ದೆಯೊಳಗೆ ತಂದಿತು. ಆದರೆ ನಡೆಯುತ್ತಿರುವುದೇನು? ಪರವಾನಗಿ ಪುಸ್ತಕದಲ್ಲಿ ಒಂದು ಸಲಕ್ಕೆ ಇಷ್ಟು, ವರ್ಷಕ್ಕೆ ಇಷ್ಟು ಎಂದು ಬರೆದಿರುತ್ತದೆ. ಅಂಗಡಿಯವನು ಮಾರಿದ್ದನ್ನು ಬರೆದುಕೊಳ್ಳುತ್ತಾನೆ. ಕೊಂಡದ್ದರ ಲೆಕ್ಕ ಇದೆ, ಖರ್ಚಾದದ್ದರ ಲೆಕ್ಕ? ಹಂದಿ ಓಡಿಸಲು ಹಾರಿಸಿದೆ ಎಂದರೆ ಮುಗಿಯಿತು. ಚುನಾವಣೆ ಬಂದಾಗ ಪರವಾನಗಿ ಬಂದೂಕುಗಳನ್ನೆಲ್ಲ ಠಾಣೆಗೆ ತರಿಸಿ ಸಾಲಾಗಿ ಇಡುತ್ತಾರೆ. ನಂಬರ್ ನೋಡಿ ರಸೀದಿ ಕೊಡುತ್ತಾರೆ. ಕಳೆದ ಐದು ವರ್ಷದಲ್ಲಿ ಎಷ್ಟು ಕಾಡತೂಸು ಕೊಂಡಿರಿ, ಎಷ್ಟು ಉಳಿದಿವೆ, ಖಾಲಿ ಖೋಕಾ ಎಲ್ಲಿ ಎಂದು ಕೇಳುವ ರೂಢಿಯನ್ನು ನಾನು ಕಂಡಿಲ್ಲ.

ಬ್ರೆಜಿಲ್ ಈ ದಾರಿಯಲ್ಲಿ ಒಂದು ಹೆಜ್ಜೆ ಮುಂದಿಟ್ಟಿತು, ಅಲ್ಲೇ ಎಡವಿತು ಕೂಡ. 2003ರ ಅಲ್ಲಿನ ಕಾನೂನಿನಂತೆ ಸರ್ಕಾರಿ ಪಡೆಗಳಿಗೆ ಮಾರುವ ಕಾಡತೂಸಿನ ಬುಡದಲ್ಲಿ ಲಾಟ್ ಸಂಖ್ಯೆ ಕೊರೆದಿರಬೇಕು. 2018ರ ಮಾರ್ಚ್ 14ರಂದು ರಿಯೊ ನಗರದಲ್ಲಿ ನಗರಸಭಾ ಸದಸ್ಯೆ ಮರಿಯೆಲ್ ಫ್ರಾಂಕೊ ಅವರನ್ನು ಗುಂಡಿಕ್ಕಿ ಕೊಂದಾಗ ರಸ್ತೆಯಲ್ಲಿ ಬಿದ್ದ 9 ಮಿ.ಮೀ. ಖೋಕಾಗಳ ಬುಡದಲ್ಲಿ ಯುಝಡ್‌ಝಡ್-18 ಎಂಬ ಗುರುತಿತ್ತು. ಅದು 2006ರಲ್ಲಿ ಅಲ್ಲಿನ ಫೆಡರಲ್ ಪೊಲೀಸರಿಗೇ ಮಾರಿದ ಸರಕು ಎಂದು ದಿನಗಳಲ್ಲೇ ಹೊರಬಿತ್ತು. ಪೊಲೀಸರ ಉಗ್ರಾಣದ ಗುಂಡು ಕೊಲೆಗಾರರ ಕೈಗೆ ಹೇಗೆ ಹೋಯಿತು ಎಂದು ಇಡೀ ದೇಶ ಕೇಳಿತು. ಆದರೆ ಒಂದು ಲಾಟ್‌ಗೆ 10,000 ಗುಂಡಿನ ಮಿತಿ ಇದ್ದರೂ ಈ ಲಾಟ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗುಂಡು ಮಾರಲಾಗಿತ್ತು. ಯಾವ ಊರಿನ ಉಗ್ರಾಣದಿಂದ ಸೋರಿತು ಎಂದು ಹಿಡಿಯಲಾಗಲಿಲ್ಲ. ಗುರುತು ಹಾಕಿದರೆ ಸಾಲದು, ಸಣ್ಣ ಗುಂಪಿಗೊಂದು ಗುರುತು ಬೇಕು ಎಂಬುದು ಅಲ್ಲಿನ ಪಾಠ.

ನಮಗೆ ಬೇಕಾದದ್ದು ಅಷ್ಟೇ, ದೊಡ್ಡ ಕ್ರಾಂತಿಯೇನಲ್ಲ. ಖಡ್ಕಿ ಕಾರ್ಖಾನೆ ಈಗ ಮ್ಯುನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ಕೆಳಗಿದೆ. ಅಂಗಡಿಗಳಿಗೆ ಹೋಗುವ ಪ್ರತಿ ಸಣ್ಣ ಲಾಟ್‌ಗೆ ಬೇರೆ ಸಂಖ್ಯೆ ಕೊಡಲಿ, ಅದು ಡಬ್ಬಿಯ ಮೇಲಲ್ಲ, ಖೋಕಾದ ಬುಡದಲ್ಲಿರಲಿ. ಅಂಗಡಿಯವನು ಬಿಲ್ಲಿನಲ್ಲಿ ಆ ಸಂಖ್ಯೆ ಬರೆಯಲಿ. ಹೊಸ ಡಬ್ಬಿ ಬೇಕಾದವನು ಹಳೆಯ ಖೋಕಾ ತಂದು ತೋರಿಸಲಿ. ಪೊಲೀಸರ ಉಗ್ರಾಣಕ್ಕೂ ಇದೇ ನಿಯಮ, ಅಲ್ಲಿ ವಿನಾಯಿತಿ ಬೇಡ. ಅಷ್ಟಾದ ದಿನ ಭೀಮಾ ದಂಡೆಯಲ್ಲಿ ಸಿಕ್ಕ ಒಂದು ಗುಂಡು ತಾನು ಸೊಲ್ಲಾಪುರದ ಅಂಗಡಿಯದೋ ಇಂದೋರಿನ ಉಗ್ರಾಣದ್ದೋ ಎಂದು ತಾನೇ ಹೇಳುತ್ತದೆ. ಮನೆಮನೆಯಲ್ಲಿ ಮಾಡ್ತಾರಂತೆ ಎನ್ನುವವರ ಬಾಯಿಗೂ ಬೀಗ ಬೀಳುತ್ತದೆ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಜಿಲ್ಲೆಯ ವರದಿಗಾರ ಮಿತ್ರರೇ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಠಾಣೆಯ ಪತ್ರಿಕಾಗೋಷ್ಠಿಯೇ ಆಗಲಿ, ಸಾಹೇಬರಿಗೆ ಒಂದು ಪ್ರಶ್ನೆ ಹಾಕಿ. ಈ ಗುಂಡಿನ ಬುಡದಲ್ಲಿ ಏನು ಬರೆದಿದೆ, ಅದನ್ನು ಯಾವ ಅಂಗಡಿ ಯಾರಿಗೆ ಮಾರಿತ್ತು? ಗೊತ್ತಿಲ್ಲ ಎಂಬ ಉತ್ತರ ಬಂದರೆ ಅದನ್ನೇ ತಲೆಬರಹ ಮಾಡಿ.